‘ಲೇಸರ್ ಲೇಪನ’ ಲೇಪನವಲ್ಲ

ಸವೆದ ಶಾಫ್ಟ್, ಟರ್ಬೈನಿನ ಅಲಗು, ಅಚ್ಚು ಮುಂತಾದವುಗಳಿಗೆ ಲೇಸರ್ ಮತ್ತು ಲೋಹದ ಪುಡಿಯಿಂದ ಹೊಸ ಲೋಹ ತುಂಬುವ ದುರಸ್ತಿಯನ್ನು ‘ಲೇಸರ್ ಲೇಪನ’ ಎಂದು ಕರೆದಿರುವುದನ್ನು ಈಚೆಗೆ ಮತ್ತೊಮ್ಮೆ ಓದಿದೆ. ಈ ಹೆಸರು ಕೆಲಸದ ಸ್ವರೂಪವನ್ನೇ ಮರೆಮಾಡುತ್ತದೆ.

ಲೇಪನದ ಮೂಲ ‘ಲಿಪ್’ ಎಂಬ ಸಂಸ್ಕೃತ ಧಾತು. ಸವರುವುದು, ಬಳಿಯುವುದು ಎಂದು ಅದರ ಅರ್ಥ. ಬಳಿದದ್ದು ಮೇಲೆಯೇ ನಿಲ್ಲುತ್ತದೆ, ಅಡಿಯಲ್ಲಿರುವುದು ಇದ್ದ ಹಾಗೆಯೇ ಇರುತ್ತದೆ. ವಿದ್ಯುತ್ತಿನಿಂದ ಕೂರಿಸಿದ ಕ್ರೋಮಿಯಂ ಪದರ ಲೇಪನ ಹೌದು. ತರಿಯಾಗಿಸಿದ ಮೇಲ್ಮೈಗೆ ಬಿಸಿ ಕಣಗಳು ಬಡಿದು ಕಚ್ಚಿಕೊಳ್ಳುವ ಥರ್ಮಲ್ ಸ್ಪ್ರೇಯನ್ನೂ ಲೇಪನವೆಂದರೆ ತಪ್ಪಿಲ್ಲ, ಏಕೆಂದರೆ ಅಲ್ಲಿ ಮೂಲ ಲೋಹ ಕರಗುವುದಿಲ್ಲ. ಲೇಸರಿನ ದುರಸ್ತಿಯಲ್ಲಾದರೋ ಕಿರಣವು ಸವೆದ ಭಾಗದ ಮೇಲ್ಮೈಯನ್ನೇ ಕರಗಿಸಿ ಚಿಕ್ಕದೊಂದು ಮಡು ಮಾಡುತ್ತದೆ. ಆರ್ಗಾನ್ ಅನಿಲದೊಡನೆ ನಾಝಲ್‌ನಿಂದ ಚಿಮ್ಮುವ ಪುಡಿ ಆ ಮಡುವಿಗೆ ಬಿದ್ದು ಕರಗುತ್ತದೆ. ಕಿರಣ ಮುಂದೆ ಸರಿದೊಡನೆ ಹಳೆಯದೂ ಹೊಸದೂ ಕೂಡಿಯೇ ಗಟ್ಟಿಯಾಗುತ್ತವೆ. ಈ ಬೆರಕೆಯನ್ನು, ಅಂದರೆ ಹೊಸ ಪದರದಲ್ಲಿ ಸೇರುವ ಹಳೆಯ ಲೋಹದ ಪಾಲನ್ನು, ಚೆನ್ನಾಗಿ ಹೊಂದಿಸಿದ ಕೆಲಸದಲ್ಲಿ ಶೇ 5ರ ಆಸುಪಾಸಿಗೆ ಇಳಿಸಬಹುದು. ಪೂರ್ತಿ ಇಲ್ಲವಾಗಿಸಹೊರಟರೆ ಹಿಡಿತವೇ ಹೋಗುತ್ತದೆ.

ಇದು ಬರಿಯ ಪದದ ಜಗಳವಲ್ಲ. ಲೇಪನವೆಂದು ನಂಬಿದವರು ಪುಡಿ ಯಾವುದೆಂದು ವಿಚಾರಿಸುತ್ತಾರೆ, ಅಡಿಯ ಲೋಹ ಯಾವುದೆಂದು ವಿಚಾರಿಸುವುದಿಲ್ಲ. ಇಂಗಾಲ ಹೆಚ್ಚಿರುವ ಉಕ್ಕಿನಲ್ಲಿ, ಕಿರಣ ಹಾದುಹೋದ ಜಾಗದ ಶಾಖವನ್ನು ಸುತ್ತಲಿನ ತಣ್ಣನೆಯ ಲೋಹ ತಟಕ್ಕನೆ ಹೀರಿಕೊಳ್ಳುವುದರಿಂದ, ಗಡುಸಾದರೂ ಪೆಡಸಾದ, ಮಾರ್ಟೆನ್ಸೈಟ್ ಎಂಬ ಉಕ್ಕಿನ ರೂಪ ಉಂಟಾಗಿ ಬಿರುಕು ಬಿಡಬಹುದು. ಅಂಥ ಭಾಗಗಳನ್ನು ಮೊದಲೇ ಕಾಯಿಸಿಕೊಳ್ಳುವುದು ಅದಕ್ಕಾಗಿಯೇ. ಬಳಿಯುವ ಕೆಲಸವಾಗಿದ್ದರೆ ಈ ಚಿಂತೆಯೇ ಇರುತ್ತಿರಲಿಲ್ಲ.

ತಪ್ಪಿನ ಒಂದು ಪಾಲು ಇಂಗ್ಲಿಷಿನದೂ ಹೌದು. ಈ ಕೆಲಸಕ್ಕೆ ಅಲ್ಲಿರುವ ‘ಕ್ಲ್ಯಾಡಿಂಗ್’ ಎಂಬ ಹೆಸರು ಬಟ್ಟೆ ತೊಡಿಸುವ ಅರ್ಥದ ಪದದಿಂದ ಹುಟ್ಟಿದ್ದು. ತೊಟ್ಟ ಬಟ್ಟೆ ಮೈಯೊಡನೆ ಕರಗಿ ಬೆರೆಯುವುದಿಲ್ಲ. ಇದಕ್ಕೇ ಬಳಸುವ ಇನ್ನೊಂದು ಇಂಗ್ಲಿಷ್ ಪದ ‘ಡಿಪಾಸಿಷನ್’ ಅನ್ನು ‘ಲೋಹ ನಿಕ್ಷೇಪ’ ಎಂದು ಅನುವಾದಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಆ ಮಾತು ಕೇಳಿದ ಕನ್ನಡಿಗರ ಮನಸ್ಸು ನೇರ ಗಣಿಗೆ ಹೋಗುತ್ತದೆ. ನಮ್ಮಲ್ಲಿ ಬೆಸೆ ಎಂಬ ಕ್ರಿಯಾಪದದಿಂದಾದ ‘ಬೆಸುಗೆ’ ಇದೆ. ಮೂಲ ಲೋಹ ಕರಗದ ಸೋಲ್ಡರಿಂಗಿಗೂ ಅದನ್ನು ಬಳಸುತ್ತೇವೆಂಬುದು ನಿಜವಾದರೂ, ಎರಡು ಒಂದಾಗುವ ಭಾವ ಅದರಲ್ಲಿದೆ. ನಾನು ‘ಲೇಸರ್ ಪುಡಿ ಬೆಸುಗೆ’ ಎಂದೇ ಬರೆಯುತ್ತೇನೆ.

ಇದನ್ನು ‘3ಡಿ ಪ್ರಿಂಟಿಂಗ್’ ಎಂದಷ್ಟೇ ಹೇಳಿ ಮುಗಿಸುವುದೂ ಸಾಲದು. ಐಎಸ್ಒ/ಎಎಸ್‌ಟಿಎಂ 52900 ಎಂಬ ಅಂತರರಾಷ್ಟ್ರೀಯ ಮಾನಕವು ಪದರ ಪದರವಾಗಿ ಕಟ್ಟುವ ವಿಧಾನಗಳನ್ನು 7 ವರ್ಗಗಳಾಗಿ ವಿಂಗಡಿಸಿದ್ದು, ಪುಡಿಯ ಹಾಸಿನ ಮೇಲೆ ಕಟ್ಟುವುದು ಒಂದು ವರ್ಗ, ಕರಗುವ ಜಾಗಕ್ಕೇ ಲೋಹ ಉಣಿಸುವುದು ಇನ್ನೊಂದು. ಹಾಸು ಸಮತಟ್ಟಾಗಿರಬೇಕಾದುದರಿಂದ ಬಳಸಿ ಸವೆದ, ವಕ್ರ ಮೇಲ್ಮೈಯ ಭಾಗಗಳಿಗೆ ಮೊದಲನೆಯದು ಸುಲಭವಾಗಿ ಒಗ್ಗುವುದಿಲ್ಲ. ಎರಡನೆಯದರಲ್ಲಿ ನಾಝಲ್ಲೇ ಆ ಮೇಲ್ಮೈಯನ್ನು ಅನುಸರಿಸಿ ಸಾಗಬಲ್ಲದು. ಹಾಗೆ ತುಂಬಿದ ಲೋಹ ಒರಟಾಗಿರುವುದರಿಂದ, ಬೇಕಾದ ಅಳತೆಗಿಂತ ತುಸು ಹೆಚ್ಚೇ ತುಂಬಿ, ಲೇತ್ ಅಥವಾ ಗ್ರೈಂಡಿಂಗ್ ಯಂತ್ರದಲ್ಲಿ ಹೆಚ್ಚುವರಿಯನ್ನು ತೆಗೆದು, ಬಿರುಕುಗಳಿಲ್ಲವೆಂದು ಪರೀಕ್ಷಿಸಿದ ಮೇಲಷ್ಟೇ ಆ ಭಾಗವನ್ನು ಮತ್ತೆ ಜೋಡಿಸುತ್ತಾರೆ.