ಈಸೂರಿಗೆ ಬಿಳಿಯ ದೊರೆ ಬಂದಿರಲಿಲ್ಲ

ಜುಲೈ ಮುಗಿಯುವ ಹೊತ್ತಿಗೆ ನನ್ನ ಮೇಜಿನ ಮೇಲೆ ಶಾಲಾ ನಾಟಕಗಳು ಬಂದು ಕೂರುತ್ತವೆ. ಹಳೆಯ ಕಾಗದಪತ್ರ ಓದಿಕೊಡುವುದು, ಊರಿನ ಚರಿತ್ರೆ ಬರೆಯುವವರಿಗೆ ತಪ್ಪು ತಿದ್ದಿಕೊಡುವುದು ನನ್ನ ಕಸುಬು. ಹಾಗಾಗಿ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ಸ್ವಾತಂತ್ರ್ಯಕ್ಕಾಗಿ ಎದ್ದು ನಿಂತ ಕಥೆಯನ್ನು ಆಗಸ್ಟ್ ಹದಿನೈದಕ್ಕೆ ಆಡಿಸುವ ಮೇಷ್ಟ್ರುಗಳು "ಒಂದ್ಸಲ ಕಣ್ಣಾಡಿಸಿ ಕೊಡಿ ಸಾರ್" ಎಂದು ಕೊಟ್ಟುಹೋಗುತ್ತಾರೆ. ಬರವಣಿಗೆ ಚೆನ್ನಾಗಿರುತ್ತದೆ, ಮಕ್ಕಳ ಮೇಲಿನ ಪ್ರೀತಿಯೂ ಕಾಣುತ್ತದೆ. ಆದರೆ ಎರಡನೇ ದೃಶ್ಯಕ್ಕೆ ಸರಿಯಾಗಿ ಒಬ್ಬ ಬಿಳಿಯ ಕಲೆಕ್ಟರ್ ಕುದುರೆ ಏರಿ ಬಂದೇ ಬರುತ್ತಾನೆ. ತಲೆಗೆ ಹ್ಯಾಟು, ಕೈಯಲ್ಲಿ ಚಾಟಿ, ಬಾಯಲ್ಲಿ ಹರಕು ಕನ್ನಡ. ಪ್ರತಿ ವರ್ಷ ನಾನು ಅವನನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತೇನೆ, ಮರುವರ್ಷ ಬೇರೆ ಶಾಲೆಯಿಂದ ಮತ್ತೆ ಬರುತ್ತಾನೆ.

1942ರ ಸೆಪ್ಟೆಂಬರ್ 28ರಂದು ಈಸೂರಿಗೆ ಬಂದವರು ತಾಲ್ಲೂಕಿನ ಕಂದಾಯ ಅಧಿಕಾರಿಯಾದ ಅಮಲ್ದಾರ್ ಚೆನ್ನಕೃಷ್ಣಪ್ಪ ಮತ್ತು ಸಬ್‌ಇನ್ಸ್‌ಪೆಕ್ಟರ್ ಕೆಂಚೇಗೌಡ. ಇಬ್ಬರೂ ನಮ್ಮವರೇ, ಇಬ್ಬರಿಗೂ ಸಂಬಳ ಕೊಡುತ್ತಿದ್ದದ್ದು ಮೈಸೂರು ಸರ್ಕಾರ. ಅಂದಿನ ಗಲಭೆಯಲ್ಲಿ ಇಬ್ಬರೂ ಸತ್ತರು. ಮುಂದೆ ಊರಿನವರ ಮೇಲೆ ಕೇಸು ನಡೆದದ್ದು ಮೈಸೂರು ಸಂಸ್ಥಾನದ ನ್ಯಾಯಾಲಯದಲ್ಲಿ. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದ್ದು ಬೆಂಗಳೂರಿನ ಜೈಲಿನಲ್ಲಿ. ಈ ಸರಣಿಯಲ್ಲಿ ಎಲ್ಲಿಯೂ ಬಿಳಿಯನೊಬ್ಬ ಎದುರಿಗೆ ಬಂದು ನಿಲ್ಲುವುದಿಲ್ಲ.

ಈ ಮಾತನ್ನು ಎಷ್ಟು ಬಿಡಿಸಿ ಹೇಳಿದರೂ ಸಾಲದು ಅನ್ನಿಸುತ್ತದೆ. ಶಿಕಾರಿಪುರ, ಸಾಗರ, ಸೊರಬ, ತೀರ್ಥಹಳ್ಳಿ ಎಲ್ಲವೂ ಮೈಸೂರು ಸಂಸ್ಥಾನದಲ್ಲಿದ್ದವು. ಶಿರಾಳಕೊಪ್ಪ ದಾಟಿ ಹಿರೇಕೆರೂರು ತಾಲ್ಲೂಕಿಗೆ ಕಾಲಿಟ್ಟರೆ ಬೊಂಬಾಯಿ ಪ್ರಾಂತ್ಯ, ಬ್ರಿಟಿಷರ ನೇರ ಆಡಳಿತ. ತಾಳಗುಪ್ಪದಿಂದ ಆಚೆ ಸಿದ್ದಾಪುರಕ್ಕೆ ಹೋದರೂ ಅಷ್ಟೇ. 1930ರ ದಶಕದ ಮೊದಲ ವರ್ಷಗಳಲ್ಲಿ ಸಿದ್ದಾಪುರ, ಅಂಕೋಲದ ರೈತರು ಕರ ನಿರಾಕರಿಸಿ ಜಮೀನು ಕಳೆದುಕೊಂಡಾಗ ಅವರ ಎದುರಿಗಿದ್ದದ್ದು ಬ್ರಿಟಿಷ್ ಸರ್ಕಾರವೇ. ಗಡಿಯ ಈಚೆಗಿದ್ದ ನೆಂಟರು ಮೈಸೂರು ಮಹಾರಾಜರ ಪ್ರಜೆಗಳು. ಹೆಣ್ಣು ಕೊಟ್ಟು ತಂದ ಮನೆಗಳ ನಡುವೆ ಎರಡು ಸರ್ಕಾರ, ಎರಡು ಕಾನೂನು.

ಇಲ್ಲಿಗೆ ಬಂದಾಗ ಕೆಲವರು ತಟ್ಟನೆ ಇನ್ನೊಂದು ತುದಿಗೆ ಹಾರುತ್ತಾರೆ. "ಹಾಗಾದ್ರೆ ಅದು ಸ್ವಾತಂತ್ರ್ಯ ಹೋರಾಟವೇ ಅಲ್ಲ ಬಿಡಿ, ಪೊಲೀಸರ ಜೊತೆ ಆದ ಜಗಳ" ಎಂದು ಒಬ್ಬ ಯುವಕರು ನನ್ನೆದುರೇ ಹೇಳಿದರು. ಬಿಳಿಯ ಕಲೆಕ್ಟರ್‌ಗಿಂತ ಇದು ನನಗೆ ಹೆಚ್ಚು ನೋವು ತರುವ ಮಾತು. ಮೈಸೂರಿನ ಸಿಂಹಾಸನದ ಹಿಂದೆ ಯಾರು ನಿಂತಿದ್ದರು ಎಂದು ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ, ನಮ್ಮ ಹೊಸನಗರದ ಪಕ್ಕದ ‘ನಗರ’ ಎಂಬ ಊರಿಗೆ ಹೋಗಬೇಕು.

1799ರಲ್ಲಿ ಟಿಪ್ಪು ಸತ್ತ ಮೇಲೆ ಒಡೆಯರಿಗೆ ರಾಜ್ಯ ಮರಳಿದ್ದು ಈಸ್ಟ್ ಇಂಡಿಯಾ ಕಂಪನಿಯ ಒಪ್ಪಂದದ ಮೇಲೆ. ವರ್ಷಕ್ಕೆ ಏಳು ಲಕ್ಷ ಪಗೋಡ (ಚಿನ್ನದ ನಾಣ್ಯ) ಪೊಗದಿ, ಅಂದರೆ ಕಪ್ಪ, ಕಂಪನಿಗೆ ಸಲ್ಲಬೇಕಿತ್ತು. ಆ ಭಾರ ಕೊನೆಗೆ ಬೀಳುವುದು ಅಡಕೆ ತೋಟದವನ, ಗದ್ದೆಯವನ ಹೆಗಲ ಮೇಲೆಯೇ. ಇಷ್ಟು ಕಂದಾಯ ತಂದೇ ತರುತ್ತೇನೆ ಎಂದು ಅಮಲ್ದಾರರಿಂದ ಷರತ್ತು ಬರೆಸಿಕೊಳ್ಳುವ ಪದ್ಧತಿಯೂ ಬಂತು. ಬರೆದುಕೊಟ್ಟವನು ರೈತನನ್ನು ಹಿಂಡದೆ ಇರುತ್ತಾನೆಯೇ? 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿದರು, ಕಂದಾಯ ನಿಲ್ಲಿಸಿದರು. ಬೂದಿ ಬಸವಪ್ಪ ಕೆಳದಿ ಮನೆತನದ ವಾರಸುದಾರ ತಾನೆಂದು ಮುಂದೆ ಬಂದ, ತರೀಕೆರೆಯ ಪಾಳೆಯಗಾರರೂ ಕೈಜೋಡಿಸಿದರು. ದಂಗೆ ಅಡಗಿಸಲು ಮೈಸೂರಿನ ಪಡೆ ಸಾಲದೆ ಕಂಪನಿಯ ಪಡೆ ಬಂತು. ಬಂದದ್ದೇ ನೆಪವಾಗಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನೇ ಕಸಿದುಕೊಂಡ. ಐವತ್ತು ವರ್ಷ ಬ್ರಿಟಿಷ್ ಕಮಿಷನರ್‌ಗಳು ಆಳಿದರು. 1881ರಲ್ಲಿ ರಾಜ್ಯ ಮರಳಿತು, ಆದರೆ ಬೆಂಗಳೂರಿನಲ್ಲಿ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟ್ ಕೂತೇ ಇದ್ದ.

ಹಾಗಾಗಿ ಮೈಸೂರಿನವರ ಹೋರಾಟಕ್ಕೆ ಎರಡು ಮುಖ. ದೇಶ ಬಿಟ್ಟು ಬ್ರಿಟಿಷರು ಹೋಗಲಿ ಎನ್ನುವುದು ಒಂದು. ಸಂಸ್ಥಾನದಲ್ಲಿ ಜನರಿಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರ ಬರಲಿ ಎನ್ನುವುದು ಇನ್ನೊಂದು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಹಾರಿದ್ದು, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದದ್ದು ಈ ಎರಡೂ ಮುಖ ಒಟ್ಟಿಗೆ ಕಂಡ ಹೊತ್ತು. 1942ರ ಆಗಸ್ಟ್‌ನಲ್ಲಿ ಗಾಂಧೀಜಿಯ ಕರೆ ಬಂದಾಗ ಈಸೂರಿನವರು ಅದನ್ನು ಅಕ್ಷರಶಃ ಪಾಲಿಸಿದರು. ಕಂದಾಯಕ್ಕೆ ಬಂದ ಶಾನುಭೋಗರ, ಪಟೇಲರ ಲೆಕ್ಕದ ಪುಸ್ತಕ ಕಿತ್ತುಕೊಂಡರು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಏರಿಸಿದರು. ಸರ್ಕಾರದವರು ಊರೊಳಗೆ ಬರಕೂಡದೆಂದು ಬೋರ್ಡು ಹಾಕಿದರು. ಮೀಸೆ ಮೂಡದ ಜಯಣ್ಣನನ್ನು ಅಮಲ್ದಾರನನ್ನಾಗಿ, ಮಲ್ಲಪ್ಪಯ್ಯನನ್ನು ಸಬ್‌ಇನ್ಸ್‌ಪೆಕ್ಟರನನ್ನಾಗಿ ಆರಿಸಿದರು. ಹುಡುಗರನ್ನು ಜೈಲಿಗೆ ಹಾಕಲಾರರು ಎನ್ನುವ ಲೆಕ್ಕಾಚಾರ ಅದು. ನಾಟಕದ ಮೇಷ್ಟ್ರುಗಳಿಗೆ ನಾನು ಕೈಮುಗಿದು ಹೇಳುವುದು ಇದನ್ನೇ: ನಿಮ್ಮ ತರಗತಿಯ ಹುಡುಗರ ವಯಸ್ಸಿನವರೇ ಇಲ್ಲಿ ಅಧಿಕಾರಿಗಳಾಗಿದ್ದಾರೆ, ಅವರಿಗೆ ಮಾತು ಬರೆಯಿರಿ. ಹ್ಯಾಟಿನವನಿಗೆ ಬರೆದಷ್ಟು ಉದ್ದದ ಮಾತು ಈ ಹುಡುಗರಿಗೆ ಯಾವ ಹಸ್ತಪ್ರತಿಯಲ್ಲಿಯೂ ನಾನು ಕಂಡಿಲ್ಲ.

ಅಮಲ್ದಾರರು ಸತ್ತ ಮೇಲಿನ ವಾರಗಳ ಬಗ್ಗೆಯೂ ಯಾರೂ ಬರೆಯುವುದಿಲ್ಲ. ಪೊಲೀಸರು ಊರಿಗೆ ನುಗ್ಗಿದರು, ಮನೆಗಳು ಹಾಳಾದವು, ಜನ ಕಾಡು ಸೇರಿದರು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಇವರಿಗೂ ಜೈಲಾಯಿತು. ಆ ಕಡೆಯ ಒಬ್ಬ ಅಜ್ಜಿ, ಆಗ ಲಂಗ ಉಡುವ ಹುಡುಗಿ, ನನಗೆ ಹೇಳಿದ್ದರು: "ಕಾಡಲ್ಲಿ ಕೂಸು ಅಳಬಾರ್ದು ಅಂತ ಬಾಯಿಗೆ ಬೆಲ್ಲ ಇಡ್ತಿದ್ರು ಕಣಪ್ಪ. ಪೊಲೀಸ್ನೋರು ನಮ್ ಭಾಷೇಲೇ ಬೈಯೋರು, ಅದೇ ಹೆದ್ರಿಕೆ." ಮುದುಕಿಯ ನೆನಪನ್ನು ಕೋರ್ಟಿನ ಸಾಕ್ಷಿಯಂತೆ ನಾನು ಬಳಸುವುದಿಲ್ಲ. ಆದರೆ ಆಳುವವನ ಭಾಷೆ ಯಾವುದಾಗಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಮಾತು ನನಗೆ ಸಿಕ್ಕಿಲ್ಲ.

ಇದನ್ನೆಲ್ಲ ಒತ್ತಿ ಹೇಳುವುದಕ್ಕೆ ಕಸುಬಿನ ಕಾರಣವೂ ಇದೆ. ಅಜ್ಜನ ಜೈಲಿನ ದಾಖಲೆ ಹುಡುಕುವ ಮನೆಯವರು ಮೊದಲೇ ಲಂಡನ್ ಎನ್ನುತ್ತಾರೆ. ಲಂಡನ್ ಬೇಡ. ಮೈಸೂರು ಸರ್ಕಾರದ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ, ಅಲ್ಲಿಂದ ಶುರುಮಾಡಿ. ಅಜ್ಜ ಸಿದ್ದಾಪುರದವರೋ ಹಿರೇಕೆರೂರಿನವರೋ ಆಗಿದ್ದರೆ ಮಾತ್ರ ಬೊಂಬಾಯಿ ಸರ್ಕಾರದ ಕಾಗದಗಳ ಬೆನ್ನು ಹತ್ತಬೇಕು. ಮನೆಯಲ್ಲಿ ಇರುವುದನ್ನೂ ನೋಡಿ. ಹೋದ ಮಳೆಗಾಲದಲ್ಲಿ ಒಬ್ಬರು ತಗಡಿನ ಪೆಟ್ಟಿಗೆ ತಂದಿದ್ದರು. ಮೇಲೆಯೇ ಇದ್ದ ಛಾಪಾಕಾಗದದ ತಲೆಯಲ್ಲಿ ಮೈಸೂರು ಸಂಸ್ಥಾನದ ಲಾಂಛನವಾದ ಗಂಡಭೇರುಂಡ ಅಚ್ಚಾಗಿತ್ತು. "ಇದು ಬ್ರಿಟಿಷರದ್ದಲ್ಲ, ಸುಮ್ನೆ ಇತ್ತು" ಎಂದು ಅದನ್ನೇ ಪಕ್ಕಕ್ಕೆ ಎತ್ತಿಟ್ಟರು. ಅವರು ಹುಡುಕುತ್ತಿದ್ದ ಜಾಮೀನು ಮುಚ್ಚಳಿಕೆ ಅದೇ ಆಗಿತ್ತು.

ಇನ್ನೊಂದು ವಿಷಯ. 1947ರ ಆಗಸ್ಟ್ 15ರ ನಂತರದ ಕಾಗದಗಳನ್ನು "ಸ್ವಾತಂತ್ರ್ಯ ಬಂದಾಗಿತ್ತಲ್ಲ" ಎಂದು ಎಸೆಯಬೇಡಿ. ಆ ದಿನ ಮೈಸೂರಿನಲ್ಲಿ ಜನರ ಸರ್ಕಾರ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಎಂದು ಜನ ಮತ್ತೆ ಬೀದಿಗಿಳಿದರು, ಜೈಲಿಗೂ ಹೋದರು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರ್‌ನಲ್ಲಿ. ನಿಮ್ಮ ಅಜ್ಜನ ಬಂಧನದ ತಾರೀಖು 1947ರ ಸೆಪ್ಟೆಂಬರ್ ಎಂದಿದ್ದರೆ ಅದು ಬರೆದವನ ಕೈತಪ್ಪು ಎಂದುಕೊಳ್ಳಬೇಡಿ.

ಸಿಕ್ಕ ಕಾಗದ ಮಳೆಗೆ ಒದ್ದೆಯಾಗಿದ್ದರೆ ಬಿಸಿಲಿಗೆ ಹಾಕಬೇಡಿ, ಒಲೆಯ ಹತ್ತಿರವೂ ಬೇಡ. ಗಾಳಿಯಾಡುವ ನೆರಳಲ್ಲಿ ಬಿಳಿ ಕಾಗದದ ನಡುವೆ ಹರಡಿ. ಅಂಟಿಕೊಂಡ ಹಾಳೆಗಳನ್ನು ಉಗುರಿನಿಂದ ಬಿಡಿಸದೆ ಹಾಗೆಯೇ ತನ್ನಿ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ.