ಸಣ್ಣ ನಾಯಿ ಮಡಿಲಲ್ಲಿ ಕೂತರೆ ಸಾಲದೇ?

ಪ್ರಶ್ನೆ: ನಮ್ಮದು ಆರು ಕೆ.ಜಿ. ತೂಗುವ ಶಿ ತ್ಸು ನಾಯಿ. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಸಕಲೇಶಪುರಕ್ಕೆ ಕಾರಿನಲ್ಲಿ ಹೋಗುತ್ತೇವೆ. ಹಿಂದಿನ ಸೀಟಿನಲ್ಲಿ ಮಗಳ ಮಡಿಲಲ್ಲಿ ಸುಮ್ಮನೆ ಮಲಗಿರುತ್ತದೆ. ಇಷ್ಟು ಸಣ್ಣ ನಾಯಿಗೂ ಬೆಲ್ಟ್ ಬೇಕಾ? ಬೇಕಿದ್ದರೆ ಬೆಲ್ಟ್ ಒಳ್ಳೆಯದೋ, ಪೆಟ್ಟಿಗೆಯೋ?

ಉತ್ತರ: ಖಂಡಿತ ಬೇಕು. ಆರು ಕೆ.ಜಿ. ನಾಯಿಗಾದರೆ ಪೆಟ್ಟಿಗೆಯೇ ಮೇಲು. ಅದನ್ನು ಸೀಟಿನ ಮೇಲಲ್ಲ, ಮುಂದಿನ ಸೀಟಿನ ಹಿಂದೆ ಕಾಲಿಡುವ ಜಾಗದಲ್ಲಿ ನೆಲದ ಮೇಲೆ ಇಡಬೇಕು.

ಮಡಿಲು ಯಾಕೆ ಸಾಲದು ಎಂಬುದಕ್ಕೆ ಒಂದು ಲೆಕ್ಕ ನೋಡಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ, ಒಳಗಿರುವ ಪ್ರತಿಯೊಂದೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ನಿಮ್ಮ ನಾಯಿಯನ್ನು ಆ ಗಳಿಗೆಯಲ್ಲಿ ಹಿಡಿದಿಡಲು ಮಗಳು 120 ಕೆ.ಜಿ.ಯಷ್ಟು ಭಾರ ತಡೆಯಬೇಕು. ಯಾರ ಕೈಗೂ ಅದು ಆಗದು. 50ರ ವೇಗದಲ್ಲಿ ಮುಂದಿನ ಸೀಟಿಗೆ ಬಡಿಯುವುದೂ ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ, ಬೀಳುವುದೂ ಒಂದೇ. ಮಗಳ ಬೆಲ್ಟಿನ ಒಳಗೇ ನಾಯಿಯನ್ನು ಸೇರಿಸಿಕೊಳ್ಳುವುದು ಇನ್ನೂ ಅಪಾಯ: ಮಗಳ ಭಾರವೆಲ್ಲ ಮುಂದೆ ಬಂದು ನಾಯಿ ಬೆಲ್ಟಿಗೂ ಹೊಟ್ಟೆಗೂ ನಡುವೆ ಜಜ್ಜಿಹೋಗುತ್ತದೆ. ಮುಂದಿನ ಸೀಟಿನ ಮಾತೇ ಬೇಡ. ಅಲ್ಲಿ ಏರ್‌ಬ್ಯಾಗ್ ಸಿಡಿಯುವ ರಭಸಕ್ಕೆ ಸಣ್ಣ ನಾಯಿ ಉಳಿಯುವುದು ಕಷ್ಟ.

ನೆಲದ ಮೇಲಿನ ಪೆಟ್ಟಿಗೆ ಸುರಕ್ಷಿತ ಎನ್ನಲು ಕಾರಣ ಸರಳ. ಅದಕ್ಕೆ ಮುಂದೆ ನುಗ್ಗಲು ಜಾಗವೇ ಇಲ್ಲ. ನಾಯಿ ಎದ್ದು ನಿಂತು, ತಿರುಗಿ, ಕಾಲು ಮಡಚಿ ಮಲಗುವಷ್ಟು ಮಾತ್ರ ದೊಡ್ಡದಾದ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್ ಕೊಳ್ಳಿ. ಅದಕ್ಕಿಂತ ದೊಡ್ಡದಾದರೆ ನಾಯಿ ಒಳಗೇ ಎಗರಿ ಬಡಿದುಕೊಳ್ಳುತ್ತದೆ. ಅಂಗಡಿಗೆ ಹೋಗುವ ಮುಂಚೆ ಕಾಲಿಡುವ ಜಾಗದ ಅಗಲವನ್ನು ಟೇಪಿನಲ್ಲಿ ಅಳೆದುಕೊಳ್ಳಿ. ಸಣ್ಣ ಕಾರುಗಳಲ್ಲಿ ಅದು 30 ಸೆಂ.ಮೀ. ಆಸುಪಾಸು ಇರುವುದರಿಂದ ಅಳೆಯದೆ ತಂದ ಕ್ಯಾರಿಯರ್ ಎಷ್ಟೋ ಸಲ ಕೂರುವುದೇ ಇಲ್ಲ.

ಇಡುವಾಗ ಪೆಟ್ಟಿಗೆಯ ಉದ್ದ ಕಾರಿಗೆ ಅಡ್ಡಲಾಗಿ, ಬಾಗಿಲಿನಿಂದ ಬಾಗಿಲಿನ ಕಡೆಗೆ, ಇರಲಿ. ಹಾಗಿಟ್ಟರೆ ಬ್ರೇಕ್ ಬಿದ್ದಾಗ ನಾಯಿಯ ತಲೆಗಲ್ಲ, ಇಡೀ ಮೈಯ ಪಕ್ಕಕ್ಕೆ ಆಸರೆ ಸಿಗುತ್ತದೆ. ಆಮೇಲೆ ಮುಂದಿನ ಸೀಟನ್ನು ಹಿಂದಕ್ಕೆ ಜಾರಿಸಿ, ಪೆಟ್ಟಿಗೆ ಅಲುಗಾಡದಷ್ಟು ಬಿಗಿ ಮಾಡಿ. ಪ್ಲಾಸ್ಟಿಕ್ ಬಾಗುವಷ್ಟು ಒತ್ತಬೇಡಿ. ನಡುವಿನ ಉಬ್ಬಿನಿಂದ ಪೆಟ್ಟಿಗೆ ಓರೆಯಾದರೆ ಹಳೇ ಕಂಬಳಿ ಮಡಚಿ ಕೆಳಗೆ ಕೊಡಿ. ಈ ಕ್ಯಾರಿಯರ್‌ಗಳ ನಿಜವಾದ ದೌರ್ಬಲ್ಯ ಮೇಲಿನ ಮತ್ತು ಕೆಳಗಿನ ಭಾಗ ಸೇರುವ ಕಡೆ ಇದೆ. ಅಲ್ಲಿನ ಕ್ಲಿಪ್ಪುಗಳು ಹೊಡೆತಕ್ಕೆ ಪಟ್ಟನೆ ಬಿಟ್ಟುಕೊಳ್ಳುತ್ತವೆ. ಅಂಚಿನ ತೂತುಗಳಿಗೆ ಆರೆಂಟು ಕೇಬಲ್ ಟೈ ಬಿಗಿದರೆ ಹತ್ತಿಪ್ಪತ್ತು ರೂಪಾಯಿಯಲ್ಲಿ ಆ ಚಿಂತೆ ಬಹಳಷ್ಟು ಕಳೆಯುತ್ತದೆ. ಒಳಗೆ ದಪ್ಪ ದಿಂಬು ಬೇಡ, ಜಾರದ ರಬ್ಬರ್ ಮ್ಯಾಟಿನ ಮೇಲೆ ಹಳೇ ಕಾಟನ್ ಬೆಡ್‌ಶೀಟ್ ಸಾಕು.

ಪೆಟ್ಟಿಗೆಯನ್ನು ಸೀಟಿನ ಮೇಲಿಟ್ಟು ಕಾರಿನ ಬೆಲ್ಟ್ ಸುತ್ತುವವರು ತುಂಬ ಜನ. ನೋಡಲು ಅದೇ ಸರಿ ಅನಿಸುತ್ತದೆ. ಆದರೆ ಗುದ್ದಿದಾಗ ಆ ಬೆಲ್ಟೇ ತೆಳು ಪ್ಲಾಸ್ಟಿಕ್ಕನ್ನು ಅಪ್ಪಚ್ಚಿ ಮಾಡುತ್ತದೆ. ಬೆಲ್ಟ್ ಹಾಕಿಯೇ ಅಪಘಾತ ಪರೀಕ್ಷೆ ಮಾಡಿರುವುದಾಗಿ ತಯಾರಕರು ತೋರಿಸದ ಹೊರತು ಹೀಗೆ ಕಟ್ಟಬೇಡಿ ಎಂದು, ಸಾಕುಪ್ರಾಣಿಗಳ ಪ್ರಯಾಣ ಸಾಧನಗಳನ್ನು ಪರೀಕ್ಷಿಸುವ ಅಮೆರಿಕದ ಸೆಂಟರ್ ಫಾರ್ ಪೆಟ್ ಸೇಫ್ಟಿ ಹೇಳುತ್ತದೆ. ಹ್ಯಾಚ್‌ಬ್ಯಾಕ್‌ನ ಹಿಂದಿನ ಡಿಕ್ಕಿಯೂ ಬೇಡ. ಹಿಂದಿನಿಂದ ಲಾರಿ ಗುದ್ದಿದರೆ ಮೊದಲು ನುಜ್ಜಾಗುವುದು ಅದೇ.

ಪೆಟ್ಟಿಗೆ ಹಿಡಿಸದ ಕಾರಾದರೆ ಅಥವಾ ನಾಯಿ ಹತ್ತು ಕೆ.ಜಿ. ದಾಟಿದ್ದರೆ ಹಾರ್ನೆಸ್‌ಗೆ ಬನ್ನಿ. ಅಂಗಡಿಗಳಲ್ಲಿ ಇದನ್ನೇ ಬಾಡಿ ಬೆಲ್ಟ್ ಎನ್ನುತ್ತಾರೆ. ಕಾಲರಿಗೆ ಮಾತ್ರ ಎಂದಿಗೂ ಕಟ್ಟಬೇಡಿ. ಪೊಮೆರೇನಿಯನ್, ಯಾರ್ಕ್‌ಶೈರ್ ಟೆರಿಯರ್‌ನಂಥ ತಳಿಗಳ ಶ್ವಾಸನಾಳ ಮೊದಲೇ ಬಲಹೀನ. ಜೋರು ಬ್ರೇಕ್ ಒಂದೇ ಸಾಕು, ಕುತ್ತಿಗೆಗೆ ಏಟಾಗುತ್ತದೆ.

ವಾಕಿಂಗಿಗೆ ಹಾಕುವ ಹಾರ್ನೆಸ್ ಕಾರಿಗೆ ಆಗಿಬರುವುದಿಲ್ಲ. ಅದರ ಪ್ಲಾಸ್ಟಿಕ್ ಬಕಲ್ ನಾಯಿಯ ಎಳೆತ ತಡೆಯಲಷ್ಟೇ ಮಾಡಿದ್ದು. ಎದೆಯ ಮೇಲೆ ಅಗಲವಾದ, ಮೆತ್ತನೆಯ ಪಟ್ಟಿ, ಕಾರಿನ ಬೆಲ್ಟಿನಂಥದೇ ನೇಯ್ಗೆ, ಲೋಹದ ಉಂಗುರ, ಅಡ್ಡಡ್ಡ ಎರಡು ಮೂರು ಸಲ ಹಾಕಿದ ಹೊಲಿಗೆ ಇರುವುದನ್ನು ಆರಿಸಿ. ಅಳತೆಗೆ ಮುಂಗಾಲುಗಳ ಹಿಂದೆ ಎದೆಯ ಸುತ್ತ ಟೇಪ್ ಹಿಡಿಯಿರಿ. ತೊಡಿಸಿದಾಗ ಪಟ್ಟಿಯಡಿ ಎರಡು ಬೆರಳು ತೂರಬೇಕು, ಮೂರಲ್ಲ. ಶಿ ತ್ಸುಗೆ ಕೂದಲು ಹೆಚ್ಚು. ಅದನ್ನು ಸರಿಸಿ ಅಳೆಯದಿದ್ದರೆ, ಟ್ರಿಮ್ ಮಾಡಿಸಿದ ಮಾರನೇ ದಿನ ಹಾರ್ನೆಸ್ ಸಡಿಲವಾಗಿರುತ್ತದೆ.

ಇನ್ನು ಜೋಡಣೆ. ಕಾರಿನ ಬೆಲ್ಟನ್ನೇ ಹಾರ್ನೆಸ್ಸಿನ ಬೆನ್ನಿನ ಕುಣಿಕೆಗಳಲ್ಲಿ ತೂರಿಸಿ ಬಕಲ್‌ಗೆ ಸಿಕ್ಕಿಸುವುದು ಅತ್ಯುತ್ತಮ. ಬಕಲ್‌ಗೆ ನೇರ ಸಿಕ್ಕಿಸುವ ಪ್ರತ್ಯೇಕ ಪಟ್ಟಿಯಾದರೆ ನಾಯಿ ಕೂರಲು, ಮಲಗಲು ಆಗುವಷ್ಟೇ ಉದ್ದವಿರಲಿ. ಸೀಟಿನ ಅಂಚಿನಿಂದ ಕೆಳಗಿಳಿಯುವಂತಿರಬಾರದು. ಸಣ್ಣ ನಾಯಿಗೆ 20–25 ಸೆಂ.ಮೀ. ಸಾಕಾಗುತ್ತದೆ. ಪಾಪ, ಓಡಾಡಲಿ ಅಂತ ಸಡಿಲ ಬಿಡುವುದೇ ದೊಡ್ಡ ತಪ್ಪು. ಕಾರು ನಿಧಾನಿಸುತ್ತಿದ್ದರೂ ಸಡಿಲ ಮುಗಿಯುವವರೆಗೆ ನಾಯಿ ಹಳೆಯ ವೇಗದಲ್ಲೇ ಹೋಗುತ್ತಿರುತ್ತದೆ. ಆಮೇಲೆ ಪಟ್ಟಿ ಬಿಗಿದಾಗ ಒಂದೇ ಜಗ್ಗಿಗೆ ನಿಲ್ಲಬೇಕಾಗುತ್ತದೆ, ಪೆಟ್ಟು ಹಲವು ಪಟ್ಟಾಗುತ್ತದೆ. ಹಿಗ್ಗುವ ಎಲಾಸ್ಟಿಕ್ ಪಟ್ಟಿಗಳದೂ, ಬಾಗಿಲಿನಿಂದ ಬಾಗಿಲಿಗೆ ಕಟ್ಟುವ ಹಗ್ಗಗಳದೂ ಇದೇ ದೋಷ. ಹೆಡ್‌ರೆಸ್ಟಿಗೆ ಸುತ್ತಿದ ಪಟ್ಟಿಯಂತೂ ಹಂಪಿನಲ್ಲಿ ಜಾರಿದ ನಾಯಿಯನ್ನು ನೇತುಹಾಕಿಬಿಡಬಹುದು. ಪಟ್ಟಿಯ ಕ್ಲಿಪ್ ಎಲ್ಲ ಕಾರುಗಳ ಬಕಲ್‌ಗೂ ಸರಿಯಾಗಿ ಕೂರುವುದಿಲ್ಲ. ಸಿಕ್ಕಿಸಿ, ಕಾಲು ಊರಿ ಎರಡೂ ಕೈಯಿಂದ ಜಗ್ಗಿ ನೋಡಿ. ಒಮ್ಮೆ ಅಪಘಾತ ಕಂಡ ಹಾರ್ನೆಸ್ ಹೊಲಿಗೆ ನೆಟ್ಟಗೆ ಕಂಡರೂ ಮತ್ತೆ ಬಳಸಬೇಡಿ.

ಹೊಸ ಪೆಟ್ಟಿಗೆ ತಂದು ಮರುದಿನವೇ ಹೊರಟರೆ ನಾಯಿ ದಾರಿಯುದ್ದಕ್ಕೂ ಕೂಗುತ್ತದೆ. ವಾರ ಹತ್ತು ದಿನ ಮನೆಯಲ್ಲೇ ಅದರೊಳಗೆ ಊಟ ಹಾಕಿ. ಆಮೇಲೆ ಬಾಗಿಲು ಮುಚ್ಚಿ ಐದು ನಿಮಿಷ, ನಿಂತ ಕಾರಿನಲ್ಲಿ ಹತ್ತು ನಿಮಿಷ, ಬಡಾವಣೆಯೊಳಗೆ ಒಂದು ಸುತ್ತು. ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ, ನೀರು ಕೊಡುತ್ತಿರಿ. ಆದರೂ ವಾಂತಿಯಾದರೆ ಪಶುವೈದ್ಯರನ್ನು ಕೇಳಿ; ಮನೆಯವರ ವಾಂತಿ ಮಾತ್ರೆ ಮುರಿದು ಕೊಡಬೇಡಿ.

ಶಿ ತ್ಸು, ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಬಿಸಿ ತಡೆಯದು. ಸೀಟಿನ ಕೆಳಗಿನ ಎಸಿ ಕಿಂಡಿಯಿಂದ ಗಾಳಿ ಪೆಟ್ಟಿಗೆಯವರೆಗೆ ಬರುತ್ತಿದೆಯೇ ಎಂದು ಕೈಯಿಟ್ಟು ನೋಡಿ. ತಿಂಡಿಗೆ ನಿಲ್ಲಿಸಿದಾಗ, ಕಿಟಕಿ ಇಷ್ಟು ತೆರೆದಿಟ್ಟರೂ, ಕಾರಿನಲ್ಲಿ ಬಿಟ್ಟು ಹೋಗಬೇಡಿ. ಹೊರಗೆ 30 ಡಿಗ್ರಿ ಬಿಸಿಲಿದ್ದರೆ ಅರ್ಧ ಗಂಟೆಯಲ್ಲಿ ಒಳಗೆ 45 ದಾಟುತ್ತದೆ.

ಎರಡು ಗಂಟೆಗೊಮ್ಮೆ ನಿಲ್ಲಿಸಿ. ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಹೀಗೆ ನಿಲ್ಲಿಸಿದಾಗಲೇ. ಹೆದ್ದಾರಿ ಪಕ್ಕ ಬಾಗಿಲು ತೆರೆದ ಕೂಡಲೇ ಅದು ಹಾರಿಬಿಡುತ್ತದೆ. ಕಾರಿನ ಬಾಗಿಲು ಮುಚ್ಚಿರುವಾಗಲೇ ಪೆಟ್ಟಿಗೆಯನ್ನು ಕೈಹಿಡಿಯುವಷ್ಟು ತೆರೆದು ಚೈನ್ ಸಿಕ್ಕಿಸಿ, ಅದರ ತುದಿ ಮಣಿಕಟ್ಟಿಗೆ ಸುತ್ತಿಕೊಂಡ ಮೇಲೆ ಬಾಗಿಲಿಗೆ ಕೈಹಾಕಿ.