ನಾಲ್ಕು ಮೇಜು, ಒಂದೇ ಕತೆ: ಆಘಾತಕ್ಕೆ ಒಳಗಾದವರ ನೆರವು ಬೆಳೆದುಬಂದ ಬಗೆ

ಮೊದಲ ಮಹಾಯುದ್ಧದಲ್ಲಿ ಸೈನಿಕರ ನಡುಕಕ್ಕೆ 'ಶೆಲ್ ಶಾಕ್' ಎಂದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಪಿಟಿಎಸ್‌ಡಿ, ಅಂದರೆ ಆಘಾತದ ನಂತರವೂ ಬಿಡದೆ ಕಾಡುವ ಮಾನಸಿಕ ಕಾಯಿಲೆ, ಎಂದು ಬರೆದುಕೊಂಡಿತು. ನಡುವಿನ ಅರವತ್ತು ಚಿಲ್ಲರೆ ವರ್ಷ ಹೆಚ್ಚಾಗಿ ಸೈನಿಕರದ್ದೇ ಮಾತು. ಅತ್ಯಾಚಾರ, ಮನೆಯೊಳಗಿನ ಹೊಡೆತ ಲೆಕ್ಕಕ್ಕೆ ಬಂದದ್ದು 70ರ ದಶಕದ ಮಹಿಳಾ ಚಳವಳಿಯ ಒತ್ತಾಯದಿಂದ.

ಗೋಜಲು ಶುರುವಾದದ್ದು ಆಮೇಲೆ. 1983ರಲ್ಲಿ 'ಡಿಬ್ರೀಫಿಂಗ್' ಬಂತು: ಘಟನೆಯಾದ ಕೆಲವೇ ದಿನಗಳಲ್ಲಿ ಒಟ್ಟಿಗೆ ಕೂರಿಸಿ, ಏಳು ಹಂತಗಳಲ್ಲಿ ಮಾತಾಡಿಸುವುದು. ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಗೆಂದು ಹೊಲಿಸಿದ ಅಂಗಿಯನ್ನು ಸಿಕ್ಕಸಿಕ್ಕವರಿಗೆಲ್ಲ ತೊಡಿಸಿದರು. ಒಂದೇ ಬಾರಿಯ ಇಂಥ ಕೂರಿಕೆ ಪಿಟಿಎಸ್‌ಡಿ ತಡೆಯುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಮಾಡಿ ತೂಗುವ ಕಾಕ್ರೇನ್ ಸಂಸ್ಥೆಯ 2002ರ ವಿಮರ್ಶೆ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಸೂತ್ರ ಸರಳ: ನೋಡು, ಕೇಳಿಸಿಕೊ, ನೆರವಿಗೆ ಜೋಡಿಸು. ಬಾಯಿ ಬಿಡಿಸಬೇಡ.

ಆದರೂ ನೆರವು ಕೇಂದ್ರಗಳಲ್ಲಿ ಬಾಯಿ ಬಿಡಿಸುವುದು ನಿಂತಿಲ್ಲ. ನಿರಾಶ್ರಿತೆಯೊಬ್ಬಳು ಕಾವಲುಗಾರ, ಗುಮಾಸ್ತ, ಸಮಾಲೋಚಕಿ, ವೈದ್ಯ ಹೀಗೆ ನಾಲ್ಕು ಕಡೆ ಅದೇ ಕತೆ ಹೇಳುತ್ತಾಳೆ. ಆಘಾತದ ನೆನಪು ಸಾಲಾಗಿ ಬರುವುದಿಲ್ಲ. ನಾಲ್ಕನೇ ಮೇಜಿಗೆ ಬರುವಷ್ಟರಲ್ಲಿ ತಾರೀಖು ಅದಲುಬದಲಾಗಿರುತ್ತದೆ. ಕಡತದಲ್ಲಿ 'ಹೇಳಿಕೆಯಲ್ಲಿ ವ್ಯತ್ಯಾಸ' ಎಂಬ ಷರಾ ಬೀಳುತ್ತದೆ. ಆಶ್ರಯದ ಅರ್ಜಿ ಬಿದ್ದುಹೋಗಲು ಆ ಎರಡು ಪದ ಸಾಕು.

ಮೊದಲ ಭೇಟಿಯಲ್ಲಿ ಕೇಳಬೇಕಾದ್ದು ಕಡಿಮೆ: ಇವತ್ತು ರಾತ್ರಿ ಎಲ್ಲಿ ಮಲಗುತ್ತೀರಿ, ಯಾರ ಭಯವಿದೆ, ಯಾವ ಮಾತ್ರೆ ನಿಂತಿದೆ, ಸಾಯುವ ಯೋಚನೆ ಬರುತ್ತಿದೆಯೇ. ಈ ಕೊನೆಯದನ್ನು ನೇರವಾಗಿಯೇ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ಭಯ. ಉಳಿದದ್ದನ್ನು ಅವರಾಗಿ ಹೇಳಿದಾಗ ಒಮ್ಮೆ ಬರೆದು, ಓದಿ ಹೇಳಿ, ಒಪ್ಪಿದರೆ ಮಾತ್ರ ಮುಂದಿನ ಮೇಜಿಗೆ ಕಳಿಸಬೇಕು. ಬಾಗಿಲು ಕಾಣುವಂತೆ ಕುರ್ಚಿ. ಬಾಗಿಲಿಗೂ ಅವರಿಗೂ ನಡುವೆ ಯಾರೂ ಕೂರಬಾರದು. ದುಭಾಷಿ ಅವರದೇ ಸಮುದಾಯದವರಾದರೆ ಒಳ್ಳೆಯದೆಂದು ಅಂದುಕೊಳ್ಳುತ್ತೇವೆ. ಆತ ಗಂಡನ ಕಡೆಯ ನೆಂಟನೂ ಆಗಿರಬಹುದು. ಮೊದಲೇ ಕೇಳಿ, ಬೇಡವೆಂದರೆ ದೂರದ ದುಭಾಷಿಯನ್ನು ಫೋನಿನಲ್ಲಿ ಹಿಡಿಯುವುದು ಲೇಸು.

ಸಮುದಾಯದವರೇ ಆಸರೆಯಾಗುವ ದಾರಿಗೆ ಹೆಸರು ತಂದದ್ದು ಜಿಂಬಾಬ್ವೆಯ ಹರಾರೆಯಲ್ಲಿ 2006ರಲ್ಲಿ ಶುರುವಾದ 'ಫ್ರೆಂಡ್‌ಶಿಪ್ ಬೆಂಚ್'. ತರಬೇತಿ ಪಡೆದ ಅಜ್ಜಿಯರು ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು ಒಂದು ಸಮಸ್ಯೆಯನ್ನು ಹಿಡಿದು ಬಿಡಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 'ಪಿಎಂ ಪ್ಲಸ್' (ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್, ಸಮಸ್ಯೆ ನಿಭಾಯಿಸಲು ಕಲಿಸುವ ಕ್ರಮ) ಕೂಡ ಇದೇ ಜಾಡಿನದು: ವಾರಕ್ಕೊಂದರಂತೆ ಐದು ಭೇಟಿ, ಒಂದೊಂದೂ 90 ನಿಮಿಷ. ನಕಲು ಮಾಡಿದವರಲ್ಲಿ ಅನೇಕರು ಬೆಂಚು ತಂದರು, ಮೇಲ್ವಿಚಾರಣೆ ತರಲಿಲ್ಲ. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದೂ ಮೇಲ್ವಿಚಾರಣೆಗೇ. ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುವವಳೂ ಅದೇ ಗಾಯ ಹೊತ್ತವಳು. ಸಂಬಳವಿಲ್ಲದೆ, ಹೇಳಿಕೊಳ್ಳಲು ಯಾರೂ ಇಲ್ಲದೆ ಕೆಲ ತಿಂಗಳಲ್ಲಿ ಬಿಟ್ಟುಹೋಗುತ್ತಾಳೆ. ಅವಳ ಜಾಗಕ್ಕೆ ಬಂದವರು ಹೊಸ ಹಾಳೆ ತೆಗೆದು, ಮೊದಲಿನಿಂದ ಹೇಳಿ ಎನ್ನುತ್ತಾರೆ.